'ಶಿಸ್ತು ಹಿಡಿ' ಅನ್ನೋದು ನಿಮ್ಮ ಕಡೆ ಇದೆಯಾ? ಬಂದೂಕಿನ ಮಾತುಗಳ ಬಗ್ಗೆ ಕೆಲವು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮೊದಲು ಪ್ರಶ್ನೆ, ಆಮೇಲೆ ಕಥೆ. ಬಂದೂಕು ಹಿಡಿದು ಗುರಿ ಕೂಡಿಸುವುದಕ್ಕೆ ನಿಮ್ಮ ಕಡೆ 'ಶಿಸ್ತು' ಅನ್ನುವ ಮಾತು ಬಳಕೆಯಲ್ಲಿದೆಯಾ? ಶಿಸ್ತಿನ ಹುಡುಗ, ಶಿಸ್ತುಕ್ರಮ ಅನ್ನುವಾಗಿನ ಶಿಸ್ತು ಅಲ್ಲ. 'ಶಿಸ್ತು ಹಿಡಿ', 'ಶಿಸ್ತು ತಗೋ' ಅನ್ನುವಾಗ ಬರುವ ಶಿಸ್ತು.

ಬೆಳಗಾವಿಯಲ್ಲಿ ಶನಿವಾರ, ಭಾನುವಾರ ನಡೆಯುವ ಏರ್ ರೈಫಲ್ ತರಬೇತಿಗೆ ಈಗ ನಾವು ಮನೆಮಂದಿಯೆಲ್ಲ ಹೋಗ್ತಿದ್ದೇವೆ. ನಾನು, ಹೆಂಡತಿ, ಹೈಸ್ಕೂಲಿನಲ್ಲಿರುವ ಮಗಳು. ಮಾವ ಫೌಜಿನಲ್ಲಿದ್ದು ಪೆನ್ಷನ್ ಮೇಲೆ ಬಂದವರು. ಅವರು ಹಿಂದೆ ಕುರ್ಚಿ ಹಾಕಿಕೊಂಡು ಕೂತು ನಮ್ಮ ತಪ್ಪು ಎಣಿಸುತ್ತಾರೆ. ಕೋಚ್ ಕೊಲ್ಲಾಪುರದ ಕಡೆಯವರು. ಕೊಲ್ಲಾಪುರ ಅಂದರೆ ರೈಫಲ್ ಊರೇ ಅನ್ನಿ. 2010ರಲ್ಲಿ ಮ್ಯೂನಿಕ್‌ನಲ್ಲಿ ಮಲಗಿಕೊಂಡು ಹೊಡೆಯುವ 50 ಮೀಟರ್ ಪ್ರೋನ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಅಲ್ಲಿಯವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯವರು. ಹಾಗಾಗಿ ನಮ್ಮ ಕೋಚ್ ಬಾಯಲ್ಲಿ ಮರಾಠಿ, ಹಿಂದಿ, ಬೆಳಗಾವಿ ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಪದದ ಹುಚ್ಚು ಇರುವವನಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಆಟದ ಹೆಸರಿನಿಂದಲೇ ತಕರಾರು ಶುರು. 'ಶೂಟಿಂಗ್ ಕಲಿಯೋಕೆ ಹೋಗ್ತೀವಿ' ಅಂದರೆ ಕೇಳುವವರೆಲ್ಲ 'ಯಾವ ಸಿನಿಮಾ?' ಅಂತಾರೆ. ಕನ್ನಡದಲ್ಲಿ ಶೂಟಿಂಗ್ ಪೂರ್ತಿ ಸಿನಿಮಾದವರ ಪಾಲಾಗಿದೆ. ಮರಾಠಿಯಲ್ಲಿ ಈ ತೊಂದರೆ ಇಲ್ಲ. ಅವರಿಗೆ ಆಟ 'ನೇಮಬಾಜಿ', ಆಡುವವರು 'ನೇಮಬಾಜ್'. ನೇಮ ಅಂದರೆ ಗುರಿ. ನಮ್ಮಲ್ಲಿ ನೇಮ ಅಂದರೆ ವ್ರತ, ನೇಮನಿಷ್ಠೆ. ಕರಾವಳಿಯಲ್ಲಾದರೆ ಭೂತಕ್ಕೆ ಮಾಡುವ ನೇಮ. ಆದ್ದರಿಂದ ಅದನ್ನು ಎತ್ತಿಕೊಂಡು ಬರೋದು ಕಷ್ಟ. ನಮ್ಮ ಪತ್ರಿಕೆಗಳು ಸುಮ್ನೆ 'ಶೂಟರ್' ಅಂತ ಬರೆದು ಕೈತೊಳೆದುಕೊಳ್ಳುತ್ತವೆ. 'ಗುರಿಕಾರ' ಅನ್ನುವ ಚೆಂದದ ಮಾತು ಇದೆ, ಆದರೆ ನಮ್ಮ ಭಾಗದಲ್ಲಿ ಅದು ಅಡ್ಡಹೆಸರಾಗಿ ಹೋಗಿದೆ. ಬೇರೆ ಕಡೆ ಗುರಿಕಾರ ಅಂದರೆ ಊರಿನ ಮುಖಂಡ. 'ಗುರಿಕಾರರು ಬಂದರು' ಅಂದರೆ ಯಾರೂ ರೈಫಲ್ ಹುಡುಕುವುದಿಲ್ಲ.

ಅದು ಹಾಗಿರಲಿ. ನಿಜವಾದ ಸಿಕ್ಕು ಇರೋದು 'ಗುರಿ' ಅನ್ನುವ ಪದದಲ್ಲೇ.

ನಾವು ಕಲಿಯುತ್ತಿರುವುದು ಓಪನ್ ಸೈಟ್ ರೈಫಲ್‌ನಲ್ಲಿ. ಸೈಟ್ ಅಂದರೆ ಗುರಿ ಕೂಡಿಸೋಕೆ ಬಂದೂಕಿನ ಮೇಲಿರುವ ಭಾಗ. ಕಣ್ಣಿನ ಹತ್ತಿರ ಹಿಂದಿನ ಸೈಟ್, ಅದರಲ್ಲಿ ಒಂದು ಕಚ್ಚು. ನಳಿಗೆಯ ತುದಿಯಲ್ಲಿ ಮುಂದಿನ ಸೈಟ್, ಒಂದು ಸಣ್ಣ ಕಡ್ಡಿ. 10 ಮೀಟರ್ ದೂರದಲ್ಲಿ ಕಾಗದದ ಟಾರ್ಗೆಟ್. ಕಡ್ಡಿಯನ್ನು ಕಚ್ಚಿನ ನಟ್ಟನಡುವೆ ತಂದು, ಎರಡರ ತಲೆ ಸಮ ಮಾಡಿ, ಆಮೇಲೆ ಅದನ್ನು ಕಪ್ಪು ವೃತ್ತದ ಕೆಳಗೆ ಕೂಡಿಸಬೇಕು. ಈಗ ಕಣ್ಣಿನ ಕಷ್ಟ ನೋಡಿ. ಮೂರು ವಸ್ತು, ಮೂರು ದೂರ. ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲ್ಲ. ಒಂದನ್ನು ಆರಿಸಿಕೊಳ್ಳಲೇಬೇಕು. ಆರಿಸಬೇಕಾದ್ದು ಮುಂದಿನ ಕಡ್ಡಿ. ಟಾರ್ಗೆಟ್ ಮಸುಕಾಗಿ ಕಂಡರೆ ಕಾಣಲಿ.

ಮೊದಲ ವಾರ ಕೋಚ್ ಮಗಳಿಗೆ 'ಗುರಿ ನೋಡು, ಗುರಿ ನೋಡು' ಅಂತಿದ್ದರು. ಅವರ ಲೆಕ್ಕದಲ್ಲಿ ಅದರ ಅರ್ಥ ಸೈಟ್ ಕೂಡಿಸು ಅಂತ. ಅವಳು ಹೇಳಿದ್ದನ್ನೇ ಮಾಡಿದಳು. ಕಣ್ಣು ಕಿರಿದು ಮಾಡಿ ಟಾರ್ಗೆಟ್ಟನ್ನೇ ದಿಟ್ಟಿಸಿದಳು. ಪೆಲೆಟ್‌ಗಳು (ಏರ್ ರೈಫಲ್ಲಿನ ಸಣ್ಣ ಗುಂಡುಗಳು) ಕಾಗದದ ನಾಲ್ಕೂ ಮೂಲೆಗೆ ಹೋದವು. ಆಗ ಹಿಂದಿನ ಕುರ್ಚಿಯಿಂದ ಮಾವನ ದನಿ ಬಂತು: 'ಗುರಿ ನೋಡಬ್ಯಾಡವಾ, ಮಾಶಿ ನೋಡು. ಶಿಸ್ತ ಹಿಡಿ ಮೊದಲ.'

ಮಾಶಿ ಅಂದರೆ ಮರಾಠಿಯಲ್ಲಿ ನೊಣ. ಬಂದೂಕಿನ ಮುಂದಿನ ಸೈಟ್‌ಗೂ ಅದೇ ಹೆಸರು. ಹಿಂದಿಯವರು ಮಕ್ಖಿ ಅಂತಾರೆ, ಅದೂ ನೊಣವೇ. ನಳಿಗೆಯ ತುದಿಯಲ್ಲಿ ಕೂತ ಒಂದು ಕಪ್ಪು ಚುಕ್ಕೆಗೆ ಇದಕ್ಕಿಂತ ಒಳ್ಳೆ ಹೆಸರು ಯಾರು ಇಟ್ಟಾರು? ಮಗಳು ನೊಣ ನೋಡೋಕೆ ಶುರು ಮಾಡಿದ ಮೇಲೆ ಅವಳ ಹೊಡೆತಗಳು ಒಂದು ಕಡೆ ಸೇರತೊಡಗಿದವು. ಕೋವಿ ಇರುವ ಮಲೆನಾಡಿನ, ಕೊಡಗಿನ ಗೆಳೆಯರು ಈ ಭಾಗವನ್ನು ಏನಂತ ಕರೀತೀರಿ? ನೊಣ ಅನ್ನೋದು ಅಲ್ಲೂ ಇದೆಯಾ?

ಈಗ ಶಿಸ್ತಿನ ವಿಷಯ. ಸೇನೆಯಲ್ಲಿ, ಎನ್‌ಸಿಸಿಯಲ್ಲಿ ಹಿಂದಿಯಲ್ಲಿ ಪಾಠ ಕೇಳಿದವರಿಗೆ 'ಶಿಸ್ತ್ ಲೇನಾ' ಗೊತ್ತೇ ಇರುತ್ತೆ. ಬಿಗಿ ಹಿಡಿತ, ಸರಿಯಾದ ಶಿಸ್ತ್, ಟ್ರಿಗರ್ ಕಂಟ್ರೋಲ್, ಈ ಮೂರನ್ನು ಅವರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಾರೆ. ಉರ್ದುವಿನಲ್ಲಿ 'ಶಿಸ್ತ್ ಬಾಂಧನಾ' ಅಂದರೆ ಗುರಿ ಹಿಡಿಯುವುದು. ಮೂಲ ಪಾರ್ಸಿ. ಅಲ್ಲಿ ಶಸ್ತ್ ಅಂದರೆ ಹೆಬ್ಬೆರಳು, ಬಿಲ್ಲುಗಾರ ಹೆದೆ ಎಳೆಯುವಾಗ ಹೆಬ್ಬೆರಳಿಗೆ ಹಾಕಿಕೊಳ್ಳುವ ಉಂಗುರ, ಮತ್ತೆ ಗುರಿ. ಮರಾಠಿಯ ಶಿಸ್ತ್‌ಗೆ ಗುರಿಯ ನೇರ ಅನ್ನುವ ಅರ್ಥವೂ ಇದೆ, ನಮ್ಮ ಹಾಗೆ ಒಪ್ಪ ಓರಣದ ಅರ್ಥವೂ ಇದೆ. ಕನ್ನಡಕ್ಕೆ ಬಂದ ಶಿಸ್ತು ಬಂದೂಕನ್ನು ಕೆಳಗಿಟ್ಟು ಶಾಲೆಗೆ ಸೇರಿಕೊಂಡಿತು, ಪ್ರಾರ್ಥನೆಗೆ ಸಾಲಾಗಿ ನಿಂತುಕೊಂಡಿತು. ಮಾವನ ಬಾಯಲ್ಲಿ ಮಾತ್ರ ಹಳೇ ಅರ್ಥ ಉಳಿದಿದೆ. ಅದು ಫೌಜಿನ ಹಿಂದಿಯಿಂದ ಬಂದದ್ದೋ, ಅವರ ಊರಿನ ಮಾತೋ ಅಂತ ಕೇಳಿದೆ. 'ನಮ್ಮಪ್ಪನೂ ಹಂಗ ಅಂತಿದ್ದ, ಆಂವ ಫೌಜಿಗೆ ಹೋಗಿರಲಿಲ್ಲ' ಅಂದರು. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಇನ್ನೊಂದು ಶಿಸ್ತೂ ಇದೆಯಲ್ಲ. ಕೆಳದಿಯ ಶಿವಪ್ಪ ನಾಯಕನ ಶಿಸ್ತು, 17ನೇ ಶತಮಾನದ ಭೂಕಂದಾಯದ ಲೆಕ್ಕ. ಗುರಿ, ಓರಣ, ಕಂದಾಯ: ಮೂರೂ ಒಂದೇ ಬೇರಿನವೋ, ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ರೂಪ ತಾಳಿದವೋ? ಕಡತ ಓದುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಲಭವಾಗಿ ತೋಚುವ ಕಥೆ ಕಟ್ಟೋಕೆ ನನಗೆ ಇಷ್ಟವಿಲ್ಲ.

ಹಾಗಾದರೆ ಗುರಿಯೇ ಸಾಕಲ್ವಾ, ಶಿಸ್ತು ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು. ಗುರಿ ಹಳಗನ್ನಡದಲ್ಲಿ ಗುಱಿ, ತಮಿಳಿನಲ್ಲಿ ಕುಱಿ. ಗುರುತು ಇದರ ಒಡಹುಟ್ಟು. ಅಂದರೆ ಗುರಿ ಮೂಲದಲ್ಲಿ ಅಲ್ಲಿ ದೂರದಲ್ಲಿರುವ ಗುರುತು, ಹೊಡೆಸಿಕೊಳ್ಳುವ ವಸ್ತು. 'ಟೀಕೆಗೆ ಗುರಿಯಾದರು' ಅನ್ನುವಾಗ ಆ ಅರ್ಥ ಹಾಗೇ ಇದೆ. ಆಮೇಲೆ ಅದು ಹೊಡೆಯುವವನ ಕೆಲಸಕ್ಕೂ ಹೆಸರಾಯಿತು: ಗುರಿಯಿಟ್ಟ, ಗುರಿ ಹಿಡಿದ. ಬಾಳಿನ ಗುರಿ ಅಂತೂ ಭಾಷಣಕಾರರಿಗೆ ಬಿಟ್ಟದ್ದು. ಮಾತಾಡುವಾಗ ಇದರಿಂದ ತೊಂದರೆ ಇಲ್ಲ. ಕಲಿಸುವಾಗ ಇದೆ.

ಯಾಕೆ ಅಂದರೆ ಶಿಸ್ತು ತಪ್ಪುವುದು, ಗುರಿ ತಪ್ಪುವುದು, ಇವೆರಡೂ ಬೇರೆ ಬೇರೆ ತಪ್ಪು. ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಇದೆ ಅಂತಿಟ್ಟುಕೊಳ್ಳಿ. ಮುಂದಿನ ಕಡ್ಡಿ ಕಚ್ಚಿನ ನಡುವಿನಿಂದ 1 ಮಿಲಿಮೀಟರ್ ಸರಿದರೆ, 10 ಮೀಟರ್ ದೂರದಲ್ಲಿ ಪೆಲೆಟ್ 20 ಮಿಲಿಮೀಟರ್ ಆಚೆ ಬೀಳುತ್ತೆ. ಟಾರ್ಗೆಟ್‌ನ ಕಪ್ಪು ವೃತ್ತದ ಅಗಲವೇ 30.5 ಮಿಲಿಮೀಟರ್. ನಡುವಿನಿಂದ ಅಂಚಿಗೆ 15 ಚಿಲ್ಲರೆ. ಅಲ್ಲಿಗೆ ಹೊಡೆತ ಕಪ್ಪು ದಾಟಿ ಬಿಳಿಗೆ ಹೋಯಿತು. ಆದರೆ ಕಡ್ಡಿ, ಕಚ್ಚು ಎರಡೂ ಸರಿಯಾಗಿ ಕೂಡಿದ್ದು, ಇಡೀ ರೈಫಲ್ಲೇ ಪಕ್ಕಕ್ಕೆ 1 ಮಿಲಿಮೀಟರ್ ಸರಿದರೆ, ಪೆಲೆಟ್ ಕೂಡ 1 ಮಿಲಿಮೀಟರ್ ಮಾತ್ರ ಸರಿಯುತ್ತೆ. ಮೊದಲನೆಯದು ಶಿಸ್ತಿನ ತಪ್ಪು. ಎರಡನೆಯದು ಗುರಿಯ ತಪ್ಪು. ಎರಡಕ್ಕೂ 'ಗುರಿ ತಪ್ಪಿತು' ಅಂದುಬಿಟ್ಟರೆ ಕಲಿಯುವ ಮಗು ಯಾವುದನ್ನು ತಿದ್ದಿಕೊಳ್ಳಬೇಕು?

ಮಾವ ಇದನ್ನು ಎಷ್ಟು ಸಲೀಸಾಗಿ ಬೇರೆ ಮಾಡ್ತಾರೆ ನೋಡಿ. ಹೆಂಡತಿಯ ಐದು ಹೊಡೆತ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಿದ್ದವು, ಆದರೆ ಕಪ್ಪಿನ ಎಡ ಅಂಚಿಗೆ. ಅವಳು ಮುಖ ಸಣ್ಣ ಮಾಡಿಕೊಂಡಳು. ಇವರು ಕಾಗದ ಬೆಳಕಿಗೆ ಹಿಡಿದು 'ಶಿಸ್ತ ಚೊಲೋ ಐತಿ. ಬಂದೂಕ ತಪ್ಪ ಐತಿ' ಅಂದರು. ಕೋಚ್ ಹಿಂದಿನ ಸೈಟ್‌ನ ತಿರುಪನ್ನು ಬಲಕ್ಕೆ ಎರಡು ಕ್ಲಿಕ್ ತಿರುಗಿಸಿದರು. ಹೊಡೆತ ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತ ಹೋಗಬೇಕು, ಇಷ್ಟೇ ಸೂತ್ರ. ಮುಂದಿನ ಐದು ನಡುವಿಗೆ ಬಂದವು. ಹೊಡೆತಗಳು ಒಟ್ಟಿಗೆ ಬೀಳುವುದಕ್ಕೆ ಎಲ್ಲರೂ 'ಗ್ರೂಪಿಂಗ್' ಅಂತಾರೆ, ಸೈಟ್ ತಿದ್ದುವುದಕ್ಕೆ 'ಜೀರೋ ಮಾಡೋದು' ಅಂತಾರೆ. ಇವೆರಡನ್ನು ಹಾಗೇ ಬಿಡೋಣ ಅನ್ನೋದು ನನ್ನ ಅಭಿಪ್ರಾಯ. ಚೆನ್ನಾಗಿ ಓಡುತ್ತಿರುವ ಮಾತನ್ನು ಕೆಡವಿ ಗುಂಪುಗೂಡಿಕೆ, ಶೂನ್ಯೀಕರಣ ಅಂತ ಬರೆದರೆ ಓದುವವನೂ ಓಡಿಹೋಗ್ತಾನೆ.

ಮಗಳಿಗೆ ಒಂದು ಅನುಮಾನ ಬಂತು. ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಾಣುತ್ತಿತ್ತಂತೆ, ನಾನು ಯಾಕೆ ಟಾರ್ಗೆಟ್ ಮಸುಕು ಮಾಡಿಕೊಳ್ಳಬೇಕು? ಅವನ ಬಿಲ್ಲಿಗೆ ಸೈಟ್ ಇರಲಿಲ್ಲ ಪುಟ್ಟಿ, ಅಂದೆ. ಓಪನ್ ಸೈಟ್ ರೈಫಲ್ ಹಿಡಿದು ಹಕ್ಕಿಯ ಕಣ್ಣು ಮಾತ್ರ ಕಾಣ್ತಿದೆ ಅಂದರೆ ದ್ರೋಣರು ಶಹಭಾಸ್ ಅಂದಾರು, ನಮ್ಮ ಕೋಚ್ ಅನ್ನಲ್ಲ.

ಇನ್ನು 'ಗಲ್ಲ'. ಇದಂತೂ ತಮಾಷೆ. ನಮ್ಮ ಬ್ಯಾಚಿನಲ್ಲಿ ಮೈಸೂರಿನ ಕಡೆಯ ಒಂದು ಕುಟುಂಬ ಇದೆ. ಕೋಚ್ ಅವರಿಗೆ 'ಗಲ್ಲ ಹಚ್ಚಿ ಹಿಡೀರಿ' ಅಂದರು. ಆ ಮನೆಯ ಹುಡುಗ ರೈಫಲ್‌ನ ಹಿಡಿಯ ಮೇಲೆ ಗದ್ದ ಊರಿದ. ಇಲ್ಲಿ ಗಲ್ಲ ಅಂದರೆ ಕೆನ್ನೆ, ಅವರಿಗೆ ಗಲ್ಲ ಅಂದರೆ ನಾವು ಗದ್ದ ಅನ್ನೋದು. ಪಾಪ, ಅವನು ಕತ್ತು ನಿಗುರಿಸಿ ಸೈಟ್ ಹುಡುಕಿದ್ದೇ ಹುಡುಕಿದ್ದು. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂತರೆ ಮಾತ್ರ ಕಣ್ಣು ಪ್ರತಿ ಸಲ ಒಂದೇ ನೇರಕ್ಕೆ ಬರುತ್ತೆ. ಆದ್ದರಿಂದ ಇದು ಬರೀ ನಗುವ ವಿಷಯವೂ ಅಲ್ಲ. ಗಲ್ಲ ಎಲ್ಲಿಯವರೆಗೆ ಕೆನ್ನೆ, ಎಲ್ಲಿಂದಾಚೆ ಗದ್ದ? ದಾವಣಗೆರೆ, ಹಾವೇರಿ, ಶಿವಮೊಗ್ಗದವರು ನಿಮ್ಮ ಮನೆಯ ಬಳಕೆ ಹೇಳಿದರೆ ಗೆರೆ ಎಳೆಯಬಹುದು.

ಟ್ರಿಗರ್‌ಗೆ ಕ್ರಿಯಾಪದ ಯಾವುದು? ಕನ್ನಡದಲ್ಲಿ ಬರೆಯುವವರು ಕುದುರೆ ಎಳೆದ, ಟ್ರಿಗರ್ ಎಳೆದ ಅಂತ ಬರೀತಾರೆ. ಎಳೆ ಅಂದರೆ ಕೈ ಝಟ್ಟನೆ ಹಿಂದಕ್ಕೆ ಬರುತ್ತೆ, ನಳಿಗೆ ಅಲ್ಲಾಡುತ್ತೆ. 'ಒತ್ತು' ಅಂದರೆ ಸ್ವಿಚ್ ಒತ್ತಿದಂತೆ ಒಂದೇ ಏಟಿಗೆ ಮುಗಿಸ್ತಾರೆ. 'ಹಿಂಡು' ಅಂದರೆ ಐದೂ ಬೆರಳು ಬಿಗಿಯಾಗುತ್ತವೆ. ಬೇಕಾದ್ದು ತೋರುಬೆರಳಿನ ಮೊದಲ ಗೆಣ್ಣು ಮಾತ್ರ, ಮೆಲ್ಲಗೆ, ಒತ್ತಡ ಏರುತ್ತಾ ಹೋಗುವಂತೆ, ಯಾವಾಗ ಸಿಡಿಯಿತು ಅಂತ ತನಗೇ ಗೊತ್ತಾಗದಂತೆ. ಹೆಂಡತಿ 'ಅದುಮು' ಅಂದಳು. ನನಗೆ ಅದು ಸರಿ ಅನ್ನಿಸಿತು. ನಿಮಗೆ?

ನಮ್ಮ ಸೀಮೆಗೆ ಬಂದೂಕು ಹೊಸದೇನಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಗುಂಡು ಹೊಡೆದವನು ಅಮಟೂರ ಬಾಳಪ್ಪ. ಹತಾರ ಒಪ್ಪಿಸಿ ಅನ್ನುವ ಕಾಯಿದೆ ಬಂದಾಗ, 1857ರಲ್ಲಿ, ಹಲಗಲಿಯ ಬೇಡರು ಕೊಡಲ್ಲ ಅಂದು ತಿರುಗಿಬಿದ್ದರು. ಈಗ ಅದು ಬಾಗಲಕೋಟೆ ಜಿಲ್ಲೆಯ ಊರು. ಇಷ್ಟೆಲ್ಲ ಗುಂಡು ಹಾರಿದ ನೆಲದಲ್ಲಿ ಸೈಟ್‌ಗೆ, ಟ್ರಿಗರ್‌ಗೆ, ಗುರಿ ಕೂಡಿಸುವುದಕ್ಕೆ ಮಾತು ಇಲ್ಲದೆ ಇರುತ್ತಾ? ಹತಾರ ಇದೆ, ಬಾರು ಇದೆ, ತೋಟಾ ಇದೆ. ಲಾವಣಿ ಹಾಡುವವರ ಒಡನಾಟ ಇರುವವರು ಕಿವಿಗೊಟ್ಟು ಕೇಳಿ, ಉಳಿದದ್ದೂ ಸಿಕ್ಕೀತು. ಜಾತ್ರೆಯಲ್ಲಿ ಫುಗ್ಗಾ (ಬಲೂನು) ಹೊಡೆಸುವವರನ್ನೂ ಕೇಳಬಹುದು. ಅವರ ಬಂದೂಕಿನ ನೊಣ ಯಾವಾಗಲೂ ಸೊಟ್ಟ ಇರುತ್ತೆ, ಆದರೆ ಮಾತು ನೆಟ್ಟಗಿರಬಹುದು.

ಕೊನೆಗೆ ಒಂದು ಕೇಳಿಬಿಡ್ತೀನಿ. ಪೆಲೆಟ್ ಹೊರಟ ಮೇಲೂ ಒಂದೆರಡು ಸೆಕೆಂಡ್ ಮೈ, ಕಣ್ಣು, ಬೆರಳು ಹಾಗೇ ಹಿಡಿದಿರಬೇಕು. ಕೋಚ್ ಇದಕ್ಕೆ 'ಫಾಲೋ ಥ್ರೂ' ಅಂತಾರೆ. ಹೊಡೆದ ಕೂಡಲೇ ತಲೆ ಎತ್ತಿ ಎಲ್ಲಿ ಬಿತ್ತು ಅಂತ ನೋಡೋದು ಹೊಸಬರೆಲ್ಲರ ಚಾಳಿ. ತಲೆ ಎತ್ತುವ ಅವಸರ ಗುಂಡು ನಳಿಗೆ ಬಿಡುವ ಮೊದಲೇ ಶುರುವಾಗಿರುತ್ತೆ, ಹೊಡೆತ ಕೆಡುವುದೇ ಅಲ್ಲಿ. ಮಾವ 'ಹೊಡದ ಮ್ಯಾಲೂ ಹಿಡಕೊಂಡಿರು' ಅಂತಾರೆ. ಅದು ವಾಕ್ಯ ಆಯಿತು, ಪದ ಆಗಲಿಲ್ಲ. ಜೋಳದ ಹೊಲದಲ್ಲಿ ಕವಣೆ ಬೀಸುವವರು ಕಲ್ಲು ಬಿಟ್ಟ ಮೇಲೆ ಕೈಯನ್ನು ತಟ್ಟನೆ ನಿಲ್ಲಿಸುವುದಿಲ್ಲವಲ್ಲ, ಆ ಹೊತ್ತಿಗೆ ಅವರ ಬಳಿ ಏನಾದರೂ ಹೆಸರು ಇದೆಯಾ? ವಿಜಯಪುರದ ಕಡೆಯವರು ಮನೆಯಲ್ಲಿ ಹಿರಿಯರನ್ನು ಕೇಳಿ ಬರೆಯಿರಿ. ಯಾವ ತಾಲ್ಲೂಕು ಅನ್ನುವುದನ್ನೂ ಸೇರಿಸಿ.