ಸಹಾಯ ಬೇಕು: ಕಾಂಡ ಸೀಳಿದ ಜಾಜಿ ಬಳ್ಳಿ ಉಳಿಸೋದು ಹೇಗೆ?

ನಮ್ಮದು ಮೂಡಿಗೆರೆ ಹತ್ರ. ಅತ್ತೆ ನೆಟ್ಟಿದ್ದ ಜಾಜಿ ಗೋಡೆ ಹಿಡಿದು ಮಹಡಿವರೆಗೂ ಹಬ್ಬಿತ್ತು. ಬಣ್ಣ ಹೊಡೆಯೋಕೆ ಬಂದವರು ಬಳ್ಳೀನ ಜಗ್ಗಿ ಕೆಳಗೆ ಕೆಡವಿದ್ರು. ಬುಡದಿಂದ ಒಂದು ಗೇಣು ಮೇಲೆ ಕಾಂಡ ಉದ್ದಕ್ಕೆ ಸೀಳಿದೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ತೋಟಕ್ಕೆ ತಂದಿದ್ದ ಮೈಲುತುತ್ತ, ಸುಣ್ಣ ಕಲಸಿ ಸೀಳಿಗೆ ಬೋರ್ಡೋ ಪೇಸ್ಟ್ (ಕೊಳೆ ತಡೆಯೋ ಲೇಪ) ಹಚ್ಚಿದೆ. ಬಟ್ಟೆ ಸುತ್ತಿ, ಬಳ್ಳೀನ ತಂತಿಗೆ ಸಡಿಲವಾಗಿ ಕಟ್ಟಿದ್ದೀನಿ. ಗೊಬ್ಬರ ಹಾಕಿಲ್ಲ. ಮೇಲಿನ ಎಲೆಯೆಲ್ಲ ಉದುರಿದೆ, ಆದ್ರೆ ಉಗುರಲ್ಲಿ ತೊಗಟೆ ಕೆರೆದ್ರೆ ಒಳಗೆ ಇನ್ನೂ ಹಸಿರು. ಸೀಳಿನ ಕೆಳಗೂ ಒಂದು ಚಿಗುರು ಬಂದಿದೆ. ಕಸಿ ಗಿಡ ಅಲ್ಲ, ಹಾಗಾಗಿ ಅದೂ ಜಾಜೀದೇ.

ಗೊಂದಲ ಇಲ್ಲೇ. ಸೀಳಿನ ಕೆಳಗೆ ಕಡಿದ್ರೆ ಚಿಗುರಿಗೆ ಬಲ ಬರುತ್ತೆ ಅಂತಾರೆ. ಆದ್ರೆ ನಮ್ಮ ಕಡೆ ಮಳೆ ಶುರುವಾಗ್ತಿದೆ, ಕಡಿದ ಜಾಗ ಕೊಳೆತ್ರೆ? ಜಾಜಿ ಬೆಳೆಸಿದವರು ಹೇಳಿ: ಈಗಲೇ ಕಡೀಲಾ, ಮಳೆಗಾಲ ಮುಗಿಯೋವರೆಗೂ ಹಾಗೇ ಬಿಡ್ಲಾ?