ಘಾಟ್‌ಕೋಪರ್ ಬಿಟ್ಟು ಡೊಂಬಿವಲಿ, ಬದ್ಲಾಪುರ ಅಥವಾ ಪನ್ವೇಲ್: ಹೋಗುವ ಮುಂಚೆ ಏನೇನು ನೋಡಬೇಕು?

ಪಂತನಗರ_ಬಾಡಿಗೆ

ಮುಂಬೈಯ ಘಾಟ್‌ಕೋಪರ್ ಪೂರ್ವದಲ್ಲಿ ಒನ್ ರೂಮ್ ಕಿಚನ್ ಬಾಡಿಗೆ ಮನೆ. ಗಂಡ ಹೆಂಡತಿ, ಆರನೇ ಕ್ಲಾಸಿನ ಮಗಳು, ಮಂಡಿನೋವಿರುವ ಅಮ್ಮ, ಒಟ್ಟು ನಾಲ್ಕು ಜನ. ನನ್ನ ಆಫೀಸು ಲೋವರ್ ಪರೇಲ್, ಒಂಬತ್ತೂವರೆಗೆ ಹಾಜರಿ ಪಂಚ್. ಹೆಂಡತಿಗೆ ಠಾಣೆಯಲ್ಲಿ ಕೆಲಸ. ಈಗ ಕೊಡುವ ಬಾಡಿಗೆಯಲ್ಲೇ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಬದ್ಲಾಪುರದಲ್ಲಿ ಎರಡು ಬೆಡ್‌ರೂಮಿನದು ಸಿಗುತ್ತದೆ ಅಂತಾರೆ. ಪನ್ವೇಲ್‌ಗೆ ಹೋಗಿ ಅನ್ನುವವರೂ ಇದ್ದಾರೆ. ಐವತ್ತು ಲಕ್ಷದೊಳಗೆ ಕೊಳ್ಳುವ ಆಲೋಚನೆಯೂ ಇದೆ.

"ಚೆನ್ನಾಗಿದೆ, ಬನ್ನಿ" ಅನ್ನುವ ಮಾತು ಬೇಕಾದಷ್ಟು ಕೇಳಿಯಾಗಿದೆ. ರೈಲು, ನೀರು, ಕಾಗದಪತ್ರ, ಇವುಗಳಲ್ಲಿ ಜನ ಎಲ್ಲಿ ಎಡವುತ್ತಾರೆ ಅನ್ನುವುದನ್ನು ಬಲ್ಲವರು ದಯವಿಟ್ಟು ಹೇಳಿ.

ಎಂಟು_ಹದಿನೇಳರ_ಫಾಸ್ಟ್

ಜಾಹೀರಾತಿನ "ಸ್ಟೇಷನ್‌ನಿಂದ ಐದು ನಿಮಿಷ" ನಂಬಬೇಡಿ. ಮನೆಬಾಗಿಲಿನಿಂದ ಆಫೀಸಿನ ಕುರ್ಚಿವರೆಗಿನ ಹೊತ್ತನ್ನು ತುಂಡು ತುಂಡು ಮಾಡಿ ಕೂಡಿಸಿ. ಡೊಂಬಿವಲಿಯಿಂದ ನಿಮ್ಮ ಲೆಕ್ಕ ಹೀಗೆ: ಶೇರ್ ರಿಕ್ಷಾದ ಸಾಲು ಮತ್ತು ಪ್ರಯಾಣ ಸೇರಿ 15–20 ನಿಮಿಷ, ಪ್ಲಾಟ್‌ಫಾರ್ಮಿನಲ್ಲಿ 10, ಫಾಸ್ಟ್‌ನಲ್ಲಿ (ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಲೋಕಲ್) ದಾದರ್‌ಗೆ ಸುಮಾರು 50, ದಾದರ್ ಸೇತುವೆ ದಾಟಿ ವೆಸ್ಟರ್ನ್ ಲೈನಿನ ಸ್ಲೋ (ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ಲೋಕಲ್) ಹಿಡಿದು ಎರಡು ಸ್ಟೇಷನ್ ಹೋಗಲು 15–20, ಆಮೇಲೆ ನಡಿಗೆ 10. ಹತ್ತಿರ ಹತ್ತಿರ ಒಂದು ಮುಕ್ಕಾಲು ಗಂಟೆ. ಬದ್ಲಾಪುರವಾದರೆ ಇದರ ಮೇಲೆ ಇನ್ನೊಂದು 25–30. ಹಿಂದಿರುಗುವಾಗ ಸ್ವಲ್ಪ ಅನುಕೂಲ ಉಂಟು: ಪರೇಲ್‌ನಿಂದಲೇ ಹೊರಡುವ ಕಲ್ಯಾಣ ಲೋಕಲ್‌ಗಳು 2019ರಿಂದ ಇವೆ. ಸ್ಲೋ ಆದರೂ ಕೂತು ಬರಬಹುದು.

ಎಲ್ಲರೂ ಎಡವುವುದು ದೂರದ ಲೆಕ್ಕದಲ್ಲಲ್ಲ, ಹತ್ತುವುದರಲ್ಲಿ. ಬೆಳಿಗ್ಗೆ ಎಂಟರ ಆಸುಪಾಸಿನಲ್ಲಿ ಕರ್ಜತ್ ಅಥವಾ ಕಸಾರಾ ಕಡೆಯಿಂದ ಬರುವ ಫಾಸ್ಟ್ ಡೊಂಬಿವಲಿಯಲ್ಲಿ ನಿಂತಾಗ ಬಾಗಿಲ ನಡುವಿನ ಕಂಬಕ್ಕೆ ಆಗಲೇ ನಾಲ್ಕೈದು ಕೈಗಳು ಜೋತಿರುತ್ತವೆ. ಸೀಟುಗಳ ನಡುವೆ ಜಾಗ ಇದ್ದರೂ ಬಾಗಿಲಲ್ಲಿ ಕಾಲಿಡಲು ಎಡೆಯಿಲ್ಲ. ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಆದ್ದರಿಂದ ಡೊಂಬಿವಲಿಯಲ್ಲಿ ಇರುವವರು ಕಾಯುವುದು ಅಲ್ಲಿಂದಲೇ ಹೊರಡುವ ಲೋಕಲ್‌ಗೆ. ಮನೆ ನೋಡುವ ಮುಂಚೆ ಟೈಮ್‌ಟೇಬಲ್ ತೆಗೆದು, ನಿಮ್ಮ ಹೊತ್ತಿಗೆ ಡೊಂಬಿವಲಿಯಿಂದ ಎಷ್ಟು ಲೋಕಲ್ ಹೊರಡುತ್ತವೆ, ಅವುಗಳಲ್ಲಿ ಫಾಸ್ಟ್ ಯಾವುವು ಅಂತ ಗುರುತು ಹಾಕಿಕೊಳ್ಳಿ. ಒಂದು ತಪ್ಪಿದರೆ ಮುಂದಿನದು ಯಾವಾಗ ಅನ್ನುವುದೇ ನಿಮ್ಮ ಪಂಚ್ ಅನ್ನು ತೀರ್ಮಾನಿಸುತ್ತದೆ.

ಸೀಟಿಗಾಗಿ ಕೆಲವರು ಡೊಂಬಿವಲಿಯಿಂದ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅದೇ ರೈಲಿನಲ್ಲಿ ಮರಳುತ್ತಾರೆ. ಹಾಗೆ ಮಾಡುವುದಾದರೆ ಪಾಸ್ ಕಲ್ಯಾಣದಿಂದಲೇ ಇರಬೇಕು. ಡೊಂಬಿವಲಿ ಪಾಸ್ ಇಟ್ಟುಕೊಂಡು ಹೋದರೆ ಟಿಸಿ ಕೈಗೆ ಸಿಕ್ಕಾಗ ಟಿಕೆಟ್ ಹಣದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಪಾಸ್ ಮೂರು ತಿಂಗಳದ್ದು ತೆಗೆದರೆ 2.7 ತಿಂಗಳ ದರ, ವರ್ಷದ್ದಕ್ಕೆ 10.8 ತಿಂಗಳ ದರ. ಊರು ಕೈಹಿಡಿಯುತ್ತದೋ ಇಲ್ಲವೋ ಗೊತ್ತಾಗುವವರೆಗೆ ತಿಂಗಳ ಪಾಸೇ ಸಾಕು.

ಕಲ್ಯಾಣದಲ್ಲಿ ಹಳಿ ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ಕವಲಾಗುತ್ತದೆ. ಕಲ್ಯಾಣದಿಂದ ಬದ್ಲಾಪುರಕ್ಕೆ ಮೂರನೇ ನಾಲ್ಕನೇ ಹಳಿಯ ಯೋಜನೆ ಇದ್ದರೂ ಅದು ಮುಗಿಯುವವರೆಗೆ ಲೋಕಲ್, ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲವೂ ಎರಡೇ ಹಳಿಯಲ್ಲಿ ಓಡಬೇಕು. ಅಂಬರನಾಥದ ಹತ್ತಿರ ಒಂದು ಗೂಡ್ಸ್ ಎಂಜಿನ್ ಕೆಟ್ಟು ನಿಂತರೆ ಹಿಂದಿನದ್ದೆಲ್ಲ ನಿಂತಂತೆ. ಠಾಣೆ ಮತ್ತು ದಿವಾ ನಡುವೆ 2022ರಲ್ಲಿ ಐದನೇ ಆರನೇ ಹಳಿ ಬಂದಿದ್ದರಿಂದ ಡೊಂಬಿವಲಿ ಕಡೆಯವರಿಗೆ ಸ್ವಲ್ಪ ಉಸಿರಾಡಲು ಆಗಿದೆ, ಬದ್ಲಾಪುರದವರಿಗೆ ಆ ಲಾಭ ಅರ್ಧ ಮಾತ್ರ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಬಾಗಿಲಲ್ಲಿ ಜೋತಾಡಿಕೊಂಡು ಹೋಗಬೇಡಿ. 2025ರ ಜೂನ್ 9ರಂದು ಮುಂಬ್ರಾ ಬಳಿ ತಿರುವಿನಲ್ಲಿ ಹಾಗೆ ನಿಂತವರೇ ಬಿದ್ದು ಪ್ರಾಣ ಕಳೆದುಕೊಂಡರು. ಲೇಟ್ ಮಾರ್ಕ್ ಬಿದ್ದರೆ ಬೀಳಲಿ.

ಇಂಡೆಕ್ಸ್_ಟೂ

ಕೊಳ್ಳುವ ವಿಚಾರಕ್ಕೆ ಬರುತ್ತೇನೆ. ಡೊಂಬಿವಲಿ, ಕಲ್ಯಾಣದಲ್ಲಿ "ರೇರಾ ನಂಬರ್ ಇದೆ, ಅಗ್ರಿಮೆಂಟ್ ರಿಜಿಸ್ಟರ್ ಆಗುತ್ತದೆ, ಬ್ಯಾಂಕ್ ಲೋನ್ ಕೊಡುತ್ತದೆ" ಅನ್ನುವ ಮೂರು ಮಾತು ಕೇಳಿ ನಿಶ್ಚಿಂತರಾಗಬೇಡಿ (ರೇರಾ ಅಂದರೆ ಕಟ್ಟಡ ಯೋಜನೆಗಳನ್ನು ನೋಂದಾಯಿಸುವ ಸರ್ಕಾರಿ ಪ್ರಾಧಿಕಾರ). ಅಲ್ಲಿನ 65 ಕಟ್ಟಡಗಳ ಪ್ರಕರಣದಲ್ಲಿ ಪಾಲಿಕೆಯ ಹೆಸರಿನಲ್ಲಿ ನಕಲಿ ಕಟ್ಟಡ ಪರವಾನಗಿ ಸೃಷ್ಟಿಸಿ, ಅದನ್ನೇ ತೋರಿಸಿ ರೇರಾ ನೋಂದಣಿ ಪಡೆದಿದ್ದರು. 2024ರಲ್ಲಿ ಬಾಂಬೆ ಹೈಕೋರ್ಟ್ ಅವುಗಳನ್ನು ಕೆಡವಲು ಆದೇಶಿಸಿತು. ಕೊಂಡವರ ಕೈಯಲ್ಲಿ ರಿಜಿಸ್ಟರ್ಡ್ ಕಾಗದ ಇತ್ತು, ಕಟ್ಟಡಕ್ಕೆ ಪರವಾನಗಿ ಇರಲಿಲ್ಲ.

ಹಾಗಾಗಿ ಮೂಲದಿಂದಲೇ ಪರೀಕ್ಷಿಸಿ. ಮೊದಲು ಕಮೆನ್ಸ್‌ಮೆಂಟ್ ಸರ್ಟಿಫಿಕೇಟಿನ (ಕಟ್ಟಲು ಶುರು ಮಾಡಲು ಪಾಲಿಕೆ ಕೊಡುವ ಪರವಾನಗಿ) ಪ್ರತಿ ಕೇಳಿ, ಅದರ ಮೇಲಿನ ಕ್ರಮಾಂಕ ಮತ್ತು ತಾರೀಕು ಬರೆದುಕೊಂಡು ಪಾಲಿಕೆಯ ನಗರ ರಚನಾ ವಿಭಾಗಕ್ಕೆ ಹೋಗಿ "ಇದು ನಿಮ್ಮದೇನಾ?" ಅಂತ ಕೇಳಿ. ಬಾಯಿಮಾತಿನ ಉತ್ತರ ಸಾಲದು, ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಬರಹದಲ್ಲಿ ತೆಗೆದುಕೊಳ್ಳಿ, 30 ದಿನದ ಗಡುವು ಇರುತ್ತದೆ. ಮಾರುವವನಿಗೆ 30 ದಿನ ಕಾಯುವ ತಾಳ್ಮೆ ಇಲ್ಲವೆಂದರೆ ಆ ಮನೆ ಬಿಡಿ. ಎರಡನೆಯದು ಸಾತ್‌ಬಾರಾ, ಅಂದರೆ ಜಮೀನಿನ ಪಹಣಿ: ಜಮೀನು ಯಾರ ಹೆಸರಿನಲ್ಲಿದೆ, ಇತರ ಹಕ್ಕುಗಳ ಕಾಲಂನಲ್ಲಿ ಏನು ಬರೆದಿದೆ ನೋಡಿ. ಜಮೀನಿನ ಹಕ್ಕು ಯಾರಿಂದ ಯಾರಿಗೆ ಬಂತು ಅಂತ ತೋರಿಸುವ ಮೂವತ್ತು ವರ್ಷದ ಸರ್ಚ್ ರಿಪೋರ್ಟನ್ನು ನಿಮ್ಮ ವಕೀಲರಿಂದಲೇ ಮಾಡಿಸಿ, ಬಿಲ್ಡರ್ ಕೊಟ್ಟಿದ್ದನ್ನು ಒಪ್ಪಬೇಡಿ.

ರೀಸೇಲ್ ಆದರೆ ಓಸಿ (ವಾಸಕ್ಕೆ ಪಾಲಿಕೆ ಕೊಡುವ ಅನುಮತಿ ಪತ್ರ), ಸೊಸೈಟಿಯ ನೋಂದಣಿ, ಶೇರ್ ಸರ್ಟಿಫಿಕೇಟ್ (ಸೊಸೈಟಿಯ ಸದಸ್ಯತ್ವದ ಪತ್ರ), ಹಿಂದಿನ ಎಲ್ಲ ಮಾರಾಟಗಳ ಇಂಡೆಕ್ಸ್ ಟೂ (ನೋಂದಣಿ ಕಚೇರಿಯ ಸಾರಾಂಶ ಪತ್ರ) ಬೇಕು. ಕನ್ವೇಯನ್ಸ್ ಆಗಿದೆಯೇ ಕೇಳಿ. ಆಗಿಲ್ಲವೆಂದರೆ ಜಮೀನು ಇನ್ನೂ ಸೊಸೈಟಿಯ ಹೆಸರಿಗೆ ಬಂದಿಲ್ಲ, ಮುಂದೆ ರೀಡೆವಲಪ್‌ಮೆಂಟ್ ಹೊತ್ತಿನಲ್ಲಿ ಅದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಾನ್ಸ್‌ಫರ್ ಪ್ರೀಮಿಯಂ ಅಂತ ಸೊಸೈಟಿ 25,000ಕ್ಕಿಂತ ಹೆಚ್ಚು ಕೇಳುವಂತಿಲ್ಲ. "ದೇಣಿಗೆ" ಅಂತ ಬೇರೆ ಹೆಸರಿಟ್ಟು ಕೇಳಿದರೂ ಕೊಡಬೇಕಿಲ್ಲ.

ಖರ್ಚು: ಡೊಂಬಿವಲಿಯಲ್ಲಿ ಸ್ಟ್ಯಾಂಪ್ ಡ್ಯೂಟಿ 7 ಪ್ರತಿಶತ, ಐವತ್ತು ಲಕ್ಷಕ್ಕೆ ಮೂರೂವರೆ ಲಕ್ಷ. ಬರೀ ಹೆಣ್ಣುಮಕ್ಕಳ ಹೆಸರಿಗೆ ಕೊಂಡರೆ ಒಂದು ಪ್ರತಿಶತ ರಿಯಾಯಿತಿ, ಗಂಡನ ಹೆಸರು ಜೊತೆಗೆ ಸೇರಿದರೆ ಅದಿಲ್ಲ. ಈ ಐವತ್ತು ಸಾವಿರದ ಉಳಿತಾಯ ಬಿಡಬೇಡಿ. ರಿಜಿಸ್ಟ್ರೇಷನ್ 30,000.

ಪಡುಬಿದ್ರಿ_ಪನ್ವೇಲ್

ಪನ್ವೇಲ್ ಬಗ್ಗೆ ಹೇಳುವವರು ವಿಮಾನ ನಿಲ್ದಾಣ, ಅಟಲ್ ಸೇತು ಎರಡನ್ನೇ ಹೇಳ್ತಾರೆ. ಲೋವರ್ ಪರೇಲ್‌ಗೆ ದಿನಾ ಹೋಗುವವರಿಗೆ ಎರಡರಿಂದಲೂ ಉಪಕಾರ ಇಲ್ಲ ಮಾರಾಯ್ರೆ. ಹಾರ್ಬರ್ ಲೈನಿನಲ್ಲಿ ಫಾಸ್ಟ್ ಅನ್ನುವುದೇ ಇಲ್ಲ, ಎಲ್ಲ ಸ್ಟೇಷನ್‌ನಲ್ಲಿ ನಿಂತು ನಿಂತು ಕುರ್ಲಾಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಆಗ್ತದೆ, ಅಲ್ಲಿ ಇಳಿದು ಮತ್ತೆ ಬದಲಿಸಬೇಕು. ಒಳ್ಳೆಯದು ಏನಂದ್ರೆ ಪನ್ವೇಲ್‌ನಿಂದಲೇ ಗಾಡಿ ಹೊರಡುವುದು, ಕೂತು ಹೋಗಬಹುದು. ನಿಮ್ಮ ಮನೆಯವರಿಗೆ ಠಾಣೆಗೆ ಟ್ರಾನ್ಸ್‌ಹಾರ್ಬರ್ ಲೋಕಲ್ ನೇರ ಉಂಟು, ಐವತ್ತು ನಿಮಿಷದ ಲೆಕ್ಕ.

ನ್ಯೂ ಪನ್ವೇಲ್, ಕಾಮೋಠೆ, ಖಾರ್ಘರ್ ಎಲ್ಲ ಸಿಡ್ಕೊ (ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ) ಲೀಸಿನ ಜಾಗ. ಹಳೆ ಫ್ಲಾಟು ಕೊಳ್ಳುವಾಗ ಸಿಡ್ಕೊ ಟ್ರಾನ್ಸ್‌ಫರ್ ಚಾರ್ಜು ಯಾರು ಕಟ್ಟುವುದು ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಹಿಂದೆ ಯಾರೋ ಬರೀ ಪವರ್ ಆಫ್ ಅಟಾರ್ನಿ ಮೇಲೆ ಮಾರಿ, ಸಿಡ್ಕೊ ದಾಖಲೆಯಲ್ಲಿ ಹೆಸರು ಬದಲಾಗದೆ ಉಳಿದಿದ್ದರೆ ಆ ಬಾಕಿಯೂ ನಿಮ್ಮ ತಲೆ ಮೇಲೆ ಬರ್ತದೆ. ಇನ್ನೊಂದು, ಪನ್ವೇಲ್ ಪಾಲಿಕೆ ಆದದ್ದು 2016ರ ಅಕ್ಟೋಬರ್‌ನಲ್ಲಿ. ಅಲ್ಲಿಂದ ಲೆಕ್ಕ ಹಾಕಿ ಕಳಿಸಿದ ಆಸ್ತಿ ತೆರಿಗೆಯನ್ನು ಹಲವರು ಕಟ್ಟಿಲ್ಲ. ಮಾರುವವರ ಹತ್ತಿರ ಬಾಕಿ ಇಲ್ಲ ಅನ್ನುವ ರಸೀದಿ ನೋಡದೆ ಟೋಕನ್ (ಮುಂಗಡ ಹಣ) ಕೊಡಬೇಡಿ.

ಊರಿನ ಲೆಕ್ಕವೂ ಇಟ್ಟುಕೊಳ್ಳಿ. ಮತ್ಸ್ಯಗಂಧ ಠಾಣೆ, ಪನ್ವೇಲ್‌ನಲ್ಲಿ ನಿಲ್ತದೆ, ಮಂಗಳೂರು ಉಡುಪಿ ಕಡೆಯವರಿಗೆ ಪನ್ವೇಲ್ ಸುಖ. ನೀವು ಹುಬ್ಬಳ್ಳಿ, ಕಲಬುರಗಿ ಕಡೆಯವರಾದ್ರೆ ಉದ್ಯಾನ್ ಎಕ್ಸ್‌ಪ್ರೆಸ್, ಶರಾವತಿ ಎಲ್ಲ ಕಲ್ಯಾಣದಲ್ಲಿ ಸಿಗ್ತದೆ. ವರ್ಷಕ್ಕೆ ನಾಲ್ಕು ಸಲ ಅಮ್ಮನನ್ನು ಕರ್ಕೊಂಡು ಲಗೇಜ್ ಸಮೇತ ಹೋಗುವಾಗ ಇದು ಸಣ್ಣ ವಿಷಯ ಅಲ್ಲ.

ಬದ್ಲಾಪುರ_ಬೆಳವಲ

ನೀರಿನ ವಿಷಯ ಯಾರೂ ಸರಿಯಾಗಿ ಕೇಳಂಗಿಲ್ಲರಿ. "ನೀರು ಬರ್ತೈತೇನು?" ಅಂತ ಕೇಳಿದ್ರ ಏಜೆಂಟ್ "ಚೊವೀಸ್ ತಾಸ್" (ಇಪ್ಪತ್ನಾಕು ತಾಸು) ಅಂತಾನ. ಅವನ್ನ ಬಿಡ್ರಿ, ಸೊಸೈಟಿ ಆಫೀಸಿಗೆ ಹೋಗಿ ಹೋದ ವರ್ಷದ ಆಯವ್ಯಯ ಪತ್ರಿಕೆ ತೋರಿಸ್ರಿ ಅನ್ರಿ. ಖರ್ಚಿನ ಕಡೆ "ಟ್ಯಾಂಕರ್" ಅಂತ ಒಂದು ಸಾಲು ಇರ್ತೈತಿ. ಅದರ ಮುಂದಿನ ಅಂಕಿ ನೋಡಿದ್ರ ಎಲ್ಲಾ ತಿಳೀತೈತಿ. ಮಾರ್ಚ್‌ನಿಂದ ಜೂನ್‌ವರೆಗಿನ ಟ್ಯಾಂಕರ್ ಬಿಲ್ಲು ಬ್ಯಾರೆ ಕೇಳ್ರಿ.

ಲೆಕ್ಕ ಸರಳ ಐತಿ. ತಲಿಗೆ ದಿನಕ್ಕ 135 ಲೀಟರ್ ಅನ್ನೋದು ಮಾನದಂಡ. ನಾಕು ಮಂದಿಗೆ 540. 28 ಮನಿ ಇದ್ದ ಕಟ್ಟಡಕ್ಕ 15,120 ಲೀಟರ್. ನಳದಿಂದ ನೆಲದ ಟಾಕಿಗೆ ದಿನಾ ಅಷ್ಟು ಬೀಳ್ತೈತೋ ಇಲ್ಲೋ, ವಾಚ್‌ಮನ್‌ಗೆ ಪಂಪ್ ಎಷ್ಟೊತ್ತಿಗೆ ಹಚ್ಚತೀ, ಎಷ್ಟೊತ್ತು ಓಡತೈತಿ ಅಂತ ಕೇಳ್ರಿ. ಐದು ಸಾವಿರ ಕಡಿಮಿ ಬಿತ್ತಂದ್ರ ಎರಡು ದಿನಕ್ಕೊಂದು ಹತ್ತು ಸಾವಿರ ಲೀಟರಿನ ಟ್ಯಾಂಕರ್ ಅಂತನ ತಿಳೀರಿ. ಬೋರ್ ನೀರು ಕೂಡಸ್ತಿದ್ರ ಟಿಡಿಎಸ್ (ನೀರಿನಾಗ ಕರಗಿದ ಲವಣ) ಅಳಿಯೋ ಮೀಟರ್ ಒಯ್ದು ಅಡಿಗಿಮನಿ ನಳಕ್ಕ ಹಿಡೀರಿ, 500 ದಾಟಿದ್ರ ಕುಡಿಯಾಕ ಛಲೋ ಅಲ್ಲ, ಗೀಸರ್ ಕಾಯಿಲ್ ಮ್ಯಾಲೆ ಬಿಳಿ ಪದರ ಕಟ್ಟತೈತಿ.

ಡೊಂಬಿವಲಿಯೊಳಗ ಪಾಲಿಕೆ ಹಳೇ ಭಾಗಕ್ಕ ನೀರು ಬರೋಬ್ಬರಿ ಐತಿ. ಆಮೇಲೆ ಪಾಲಿಕೆಗೆ ಸೇರಿಸಿದ 27 ಹಳ್ಳಿ ಅಂತಾರಲ್ಲ, ಆ ಕಡೆ ಹೊಸ ಕಟ್ಟಡ ಅಗ್ಗ ಸಿಗತಾವು, ನೀರಿನ ಒತ್ತಡ ಭಾಳ ಕಡಿಮಿ. ಎಂಐಡಿಸಿ (ಕಾರ್ಖಾನಿ ಪ್ರದೇಶ) ಹತ್ತಿರ ಮನಿ ನೋಡೋರು 2016 ಮತ್ತು 2024ರ ಮೇ ತಿಂಗಳದಾಗ ಆದ ಸ್ಫೋಟ ಮರೀಬ್ಯಾಡ್ರಿ, ದೂರದ ಮನಿ ಗ್ಲಾಸೂ ಒಡೆದಿದ್ದವು.

ಬದ್ಲಾಪುರದೊಳಗ ಗಾಳಿ ಸ್ವಚ್ಛ, ಮನಿ ದೊಡ್ಡವು, ಅದಕ್ಕ ಇಲ್ಲಿ ಮನಸ್ಸು ಹತ್ತತೈತಿ. ಆದ್ರ ಉಲ್ಹಾಸ್ ನದಿ ಊರಿನ ಪಶ್ಚಿಮ ಭಾಗದಾಗ ಹರೀತೈತಿ. 2019ರ ಜುಲೈ 27ಕ್ಕ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿ ಹತ್ತಿರ ಸಿಕ್ಕೊಂಡಿದ್ದು ಇದೇ ನೀರಿನಾಗ. ಪಶ್ಚಿಮದಾಗ ಮನಿ ನೋಡ್ತಿದ್ರ ಪೂರರೇಷೆ (ನೆರೆ ನೀರು ಎಲ್ಲಿತನಕ ಬರ್ತೈತಿ ಅನ್ನೋ ಗೆರಿ) ನಕ್ಷೆ ಕೇಳ್ರಿ: ನೀಲಿ ಗೆರಿ 25 ವರ್ಷಕ್ಕೊಮ್ಮೆ ಬರೋ ನೆರೆಗೆ, ಕೆಂಪು ಗೆರಿ 100 ವರ್ಷಕ್ಕೊಮ್ಮೆ ಬರೋದಕ್ಕ. ನಕ್ಷೆ ಸಿಗಲಿಲ್ಲಂದ್ರ ಕೆಳಗಿನ ಮೀಟರ್ ಬೋರ್ಡ್ ನೋಡ್ರಿ. ತಲಿ ಎತ್ತರಕ್ಕ ಎತ್ತಿ ಕುಂಡ್ರಿಸಿದ್ರ ಯಾಕಂತ ಕೇಳ್ರಿ. ಗ್ಯಾರೇಜ್ ಗ್ವಾಡಿಗೆ ಹೊಸ ಬಣ್ಣ ಅರ್ಧದಮಟ ಅಷ್ಟೇ ಹಚ್ಚಿದ್ರೂ ಕೇಳ್ರಿ.

ವಯಸ್ಸಾದವರಿಗೆ ರಾತ್ರಿ ಏನರೆ ಆದ್ರ ದೊಡ್ಡ ಆಸ್ಪತ್ರಿಗೆ ಉಲ್ಹಾಸನಗರ, ಕಲ್ಯಾಣ, ಇಲ್ಲಾ ಠಾಣೆ. ಅಮ್ಮಾರು ಮಂಡಿನೋವಿನವರು ಅಂದ್ರಿ, ಲಿಫ್ಟಿಗೆ ಬ್ಯಾಕಪ್ ಐತೇನು, ಜನರೇಟರ್ ಬರೀ ಪಂಪಿಗೆ ಅಷ್ಟೇ ಏನು, ಅದನ್ನೂ ಕೇಳ್ರಿ. ಮಳಿಗಾಲದಾಗ ಕರೆಂಟ್ ಹೋಗತೈತಿ.

ಪಂತನಗರ_ಬಾಡಿಗೆ

ಎಲ್ಲರಿಗೂ ಧನ್ಯವಾದ. ಟ್ಯಾಂಕರ್ ಸಾಲಿನ ಮಾತು ಹೊಳೆದೇ ಇರಲಿಲ್ಲ. ಪನ್ವೇಲ್ ಕೈಬಿಟ್ಟೆ. ಹೆಂಡತಿಗೆ ಠಾಣೆ ಇಪ್ಪತ್ತೈದು ನಿಮಿಷ ಆಗುವುದರಿಂದ ಡೊಂಬಿವಲಿಯಲ್ಲಿ ಮೊದಲು ಬಾಡಿಗೆಗೆ ಹೋಗೋಣ ಅಂತ. ಮಗಳ ಶಾಲೆ, ಬಾಡಿಗೆ ಕರಾರು, ಇವೆರಡರಲ್ಲಿ ಏನು ಜಾಗ್ರತೆ?

ಇಂಡೆಕ್ಸ್_ಟೂ

ಶಾಲೆ: ಜೂನ್‌ಗೆ ಸೇರಿಸಬೇಕಾದರೆ ಡಿಸೆಂಬರ್‌ನಿಂದಲೇ ವಿಚಾರಿಸಿ. ಹೊಸ ಶಾಲೆಯಲ್ಲಿ ಸೀಟು ಬರಹದಲ್ಲಿ ಖಚಿತವಾಗುವ ಮುಂಚೆ ಹಳೆಯದರಿಂದ ಲೀವಿಂಗ್ ಸರ್ಟಿಫಿಕೇಟ್ ತೆಗೆಯಬೇಡಿ. ಬದಲಾಯಿಸುವುದಾದರೆ ಏಳು, ಎಂಟರೊಳಗೆ ಮುಗಿಸಿ, ಒಂಬತ್ತು ಹತ್ತರ ನಡುವೆ ಮಗುವಿಗೆ ಕಷ್ಟ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯ ಅಲ್ಲೇ ಇದೆ, ಹೋಗಿ ನೋಡಿ.

ಕರಾರು: ಲೀವ್ ಅಂಡ್ ಲೈಸೆನ್ಸ್ 11 ತಿಂಗಳದ್ದಾದರೂ ನೋಂದಣಿ ಕಡ್ಡಾಯ. "ನೋಟರಿ ಸಾಕು" ಅಂದರೆ ಒಪ್ಪಬೇಡಿ. ಸ್ಟ್ಯಾಂಪ್ 0.25 ಪ್ರತಿಶತ. ಬಾಡಿಗೆ 15,000, ಡಿಪಾಸಿಟ್ 50,000 ಅಂತ ಇಟ್ಟುಕೊಂಡರೆ 425 ರೂಪಾಯಿಯ ಆಸುಪಾಸು, ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಇದಕ್ಕೇ ನಾಲ್ಕೈದು ಸಾವಿರ ಹೇಳಿದರೆ ವಿವರ ಕೇಳಿ. ಡಿಪಾಸಿಟ್ ನಗದು ಕೊಡಬೇಡಿ. ಲಾಕ್‌ಇನ್ ಕಲಂ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಅನ್ನುವುದು) ಇದ್ದರೆ ಮೂರು ತಿಂಗಳಿಗೆ ಇಳಿಸಿ, ಒಂದು ತಿಂಗಳ ನೋಟಿಸ್ ಎರಡೂ ಕಡೆಗೆ ಸಮ ಇರಲಿ.

ಎಂಟು_ಹದಿನೇಳರ_ಫಾಸ್ಟ್

ಹನ್ನೊಂದು ತಿಂಗಳನ್ನು ಮೇ ತಿಂಗಳಿಂದ ಶುರು ಮಾಡಿ. ನೀರಿನ ಕೊರತೆ, ಜುಲೈ ಮಳೆಯಲ್ಲಿ ಹಳಿ ಮುಳುಗುವುದು, ಭಾನುವಾರದ ಮೆಗಾಬ್ಲಾಕ್ (ಹಳಿ ರಿಪೇರಿಗೆ ರೈಲು ನಿಲ್ಲಿಸುವುದು), ಎಲ್ಲ ಆ ನಾಲ್ಕೈದು ತಿಂಗಳಲ್ಲೇ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಮೊದಲು, ಟೋಕನ್ ಕೊಡುವ ಮುಂಚೆ, ಒಂದು ಸೋಮವಾರ ರಜೆ ಹಾಕಿ ಏಳೂವರೆಗೆ ಆ ಮನೆಯ ಗೇಟಿನಿಂದ ಹೊರಟು ಶೇರ್ ರಿಕ್ಷಾ ಸಾಲಿನಲ್ಲಿ ನಿಂತು ಲೋವರ್ ಪರೇಲ್‌ವರೆಗೆ ಹೋಗಿ ನೋಡಿ.