ಸಮಸ್ಯೆ: ನೊಣಕಾನೆಯೆದೆಯು ಡವಡವ ಬಡಿಯಿತು ನೋಡೈ
(ಮಾತಾಡುವವರ ಹೆಸರಿನ ಬದಲು ಅವರ ಊರು ಕೊಟ್ಟಿದೆ.)

ಹಾಸನ: ಈ ಸಲದ ಸಮಸ್ಯೆಗೆ, ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು ಕೊಟ್ಟಿದ್ದೇನೆ. ಆನೆಯ ಎದೆ ನಿಮಿಷಕ್ಕೆ ಬಡಿಯುವುದೇ ಸುಮಾರು 30 ಸಲ, ಹೆಚ್ಚುಕಮ್ಮಿ ನಮ್ಮದರ ಅರ್ಧ. ಅಂಥದ್ದು ನೊಣ ನೋಡಿ ಡವಡವ ಅಂತು ಅಂದ್ರೆ ಯಾಕೆ? ಮೊದಲ ಮೂರು ಸಾಲಲ್ಲಿ ಹೇಳಿ, ಅದೇ ಪೂರಣ. ಪ್ರಾಸಾಕ್ಷರ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ, ಣ.

ಮೂಡಿಗೆರೆ: ಸರ್, ಪೂರಣಕ್ಕೆ ಮುಂಚೆ ಒಂದು ಪ್ರಶ್ನೆ. ಈ ಡವಡವ ಎಲ್ಲಿಂದ ಬಂತು? ಕಂದದಲ್ಲಿ ಇಂಥ ಆಡುಮಾತು ನಡೆಯುತ್ತಾ?

ಹಾಸನ: ಧಾರಾಳವಾಗಿ ನಡೆಯುತ್ತದೆ ಮೇಡಂ. ಎದೆಯ ಸದ್ದು ಕೇಳಿ ಹುಟ್ಟಿದ ಮಾತು ಅದು, ಪಟಪಟ, ಧಗಧಗ ಇದ್ದ ಹಾಗೆ ಅನುಕರಣಾವ್ಯಯ. 'ಬೇಗ ಬೇಗ' ಥರ ದ್ವಿರುಕ್ತಿ ಅಲ್ಲ. ಬೇಗ ಒಂದೇ ಇದ್ದರೂ ಅರ್ಥ ಇದೆ, ಬರೀ 'ಡವ' ಅಂದ್ರೆ ಏನೂ ಇಲ್ಲ. ಗುಟ್ಟು ಸೇರಿಸಿದರೆ ಕ್ರಿಯಾಪದವೂ ಆಯ್ತು, ಡವಡವಗುಟ್ಟಿತು.

ನನಗೆ ತುಂಬ ಇಷ್ಟವಾಗುವುದು ಅದರ ನಡೆ. ಹೃದಯದ ಕವಾಟಗಳು ಮುಚ್ಚುವಾಗ ಎರಡು ಸದ್ದು, ಆಮೇಲೆ ಸ್ವಲ್ಪ ಬಿಡುವು, ಮತ್ತೆ ಎರಡು ಸದ್ದು. ಗಾಬರಿಯಲ್ಲಿ ಎದೆ ಓಡಿದಾಗ ಮುಖ್ಯವಾಗಿ ಆ ಬಿಡುವೇ ಕಿರಿದಾಗುತ್ತದೆ, ಬಡಿತ ತೀರಾ ಜೋರಾದರೆ ಸದ್ದುಗಳೆಲ್ಲ ಹೆಚ್ಚುಕಮ್ಮಿ ಸಮ ಅಂತರದಲ್ಲಿ ಕೇಳುತ್ತವೆ. ಡ-ವ-ಡ-ವ ಅಂದು ನೋಡಿ, ನಾಲ್ಕೂ ಒಂದೇ ಮಾತ್ರೆಯ ಲಘು, ನಿಂತು ಉಸಿರು ಬಿಡೋಣ ಅಂದ್ರೆ ಎರಡು ಮಾತ್ರೆಯ ಒಂದು ಗುರು ಇಲ್ಲ! ಕಂದದ ಪ್ರತಿ ಅರ್ಧದಲ್ಲೂ ಆರನೇ ಗಣ, ಅಂದ್ರೆ ನಾಲ್ಕು ಮಾತ್ರೆಯ ಆರನೇ ಗುಂಪು, ಜಗಣ (ಲಘು-ಗುರು-ಲಘು) ಆಗಬೇಕು, ಇಲ್ಲವೇ ಸರ್ವಲಘು ಆಗಬೇಕು ಅಲ್ವಾ, ಸರಿಯಾಗಿ ಆ ಜಾಗಕ್ಕೇ ಇದನ್ನು ಕೂರಿಸಿದ್ದೇನೆ.

ಸಕಲೇಶಪುರ: ನಂದೊಂದು ಪ್ರಯತ್ನ ಸರ್.

ಉಣಲೆಂದು ಬೈನೆ ಮುರಿಯಲು
ಕಣಿವೆಯ ತೋಟದೊಳಗೆದ್ದಿತೊಂದೇ ಮೊರೆತಂ |
ಕ್ಷಣದೊಳ್ ಮುತ್ತಿದ ಹೆಜ್ಜೇನ್
ನೊಣಕಾನೆಯೆದೆಯು ಡವಡವ ಬಡಿಯಿತು ನೋಡೈ ||

ಬೈನೆ ಅನ್ನೋ ತಾಳೆ ಜಾತಿಯ ಮರ ಅಂದ್ರೆ ಆನೆಗೆ ಪ್ರಾಣ. ಆದರೆ ಜೇನು ಎದ್ದರೆ ಎಷ್ಟು ದೊಡ್ಡ ಸಲಗವಾದರೂ ಕಷ್ಟವೇ, ಕಣ್ಣಿನ ಸುತ್ತ, ಸೊಂಡಿಲಿಗೆ ಚುಚ್ಚುತ್ತವೆ.

ಹಾಸನ: ಭೇಷ್! 'ಹೆಜ್ಜೇನ್' ಅನ್ನು ಮೂರನೇ ಸಾಲಿನ ತುದಿಗೆ ತಂದು, ನನ್ನ ಸಾಲಿನ ಒಂದಕ್ಷರ ಮುಟ್ಟದೆ ನೊಣವನ್ನೇ ಬದಲಾಯಿಸಿಬಿಟ್ಟಿರಿ. ಒಂದೇ ಮಾತು: 'ಮೊರೆತಂ' ಅಂದ ಕೂಡಲೇ ಜೇನು ಅಂತ ಗೊತ್ತಾಗಿಬಿಡುತ್ತದೆ. ಅಲ್ಲಿ ಸುಮ್ನೆ ಸದ್ದು ಅನ್ನುವ ಅರ್ಥದ, ಗುರುವಿನಿಂದ ಮುಗಿಯುವ ಮಾತು ಸಿಕ್ಕರೆ ಇನ್ನೂ ಬಿಗಿ. ಮೂಡಿಗೆರೆ ಮೇಡಂ, ಈಗ ನಿಮ್ಮ ಪೂರಣ ಬರಲಿ, ಜೇನು ಬಿಟ್ಟು ಬೇರೆ ದಾರಿ ಹಿಡಿಯಿರಿ.